ನಂಬಿ ಇಟ್ಟ ಗಂಟು

ಕನ್ನಡ ಪಾಠ ಹೇಳಿಕೊಂಡಿರುವವನಿಗೂ ಅಂಗಡಿಯ ಕಂಪ್ಯೂಟರಿಗೂ ಏನು ನಂಟು ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ನಂಟು ಏರ್ಪಟ್ಟುದು ನನ್ನ ಹೆಂಡತಿಯ ನಾಲ್ಕು ಬಳೆಗಳಿಂದ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಕೈಯಲ್ಲಿದ್ದ ಹಣ ಸಾಲದೆ, ಆ ಬಳೆಗಳನ್ನು ನಮ್ಮ ಊರಿನ ಗಿರವಿ ಅಂಗಡಿಯೊಂದರಲ್ಲಿ ಇಟ್ಟಿದ್ದೆ. ಸಂಗತಿ ನನಗೆ, ಅವಳಿಗೆ, ಅಂಗಡಿಯವನಿಗೆ ಮಾತ್ರ ತಿಳಿದಿದ್ದಿತು. ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಗುರುತಿಲ್ಲದವನೊಬ್ಬ ಫೋನು ಮಾಡಿದ. ಬಳೆಗಳ ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ತಪ್ಪಿಲ್ಲದೆ ಹೇಳಿದ. ಸಾಲದ ಮೊತ್ತವನ್ನೂ ಹೇಳಿದ. ಬಡ್ಡಿ ಬಾಕಿಯಾದುದರಿಂದ ಬಳೆಗಳು ಮರುದಿನವೇ ಹರಾಜಾಗುವುವೆಂದೂ, ತಾನು ಸೂಚಿಸುವ ಖಾತೆಗೆ ಕೂಡಲೆ ಹಣ ಕಳುಹಿಸಿದರೆ ತಡೆಯಬಹುದೆಂದೂ ತಿಳಿಸಿದ. ಹಿಂದಿನ ದಿನವಷ್ಟೆ ಬಡ್ಡಿ ಕಟ್ಟಿದ ರಸೀದಿ ಅಂಗಿಯ ಜೇಬಿನಲ್ಲಿ ಇಲ್ಲದಿದ್ದರೆ ನಾನು ಕಳುಹಿಸಿಯೇ ಬಿಡುತ್ತಿದ್ದೆನೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ನಾನು ಹುಡುಗನಾಗಿದ್ದಾಗ ಅಲ್ಲಿ ಕೂರುತ್ತಿದ್ದವರು ಅವನ ತಾತ. ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ ಅವರ ಮುಂದೆ ಸದಾ ಇರುತ್ತಿತ್ತು. ಒಬ್ಬ ಗಿರಾಕಿಯ ಪುಟ ತೆರೆದಿರುವಾಗ ಇನ್ನೊಬ್ಬರು ಮೆಟ್ಟಿಲೇರಿದರೆ, ಅವರು ಮಾತು ನಿಲ್ಲಿಸದೆಯೇ ಪುಸ್ತಕ ಮುಚ್ಚಿ, ಅದರ ಮೇಲೆ ಎಲೆಯಡಕೆಯ ತಟ್ಟೆಯನ್ನು ಇಡುತ್ತಿದ್ದರು. ಯಾರ ಮನೆಯ ಸರ ಯಾವ ಕಷ್ಟಕ್ಕಾಗಿ ಆ ತಿಜೋರಿಯನ್ನು ಸೇರಿತೆಂಬುದು ಊರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೂ ಹಿಂದಿನ ಕಾಲದ ಕಡತವೊಂದು ಇಂದಿಗೂ ಅಂಗಡಿಯ ಗಾಜಿನ ಬೀರುವಿನಲ್ಲಿದೆ. ಹುಣಿಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಕನ್ನಡ ಅಧ್ಯಾಪಕನ ಕುತೂಹಲದಿಂದ ನಾನದನ್ನು ಎಷ್ಟೋ ಸಲ ನೋಡಿದ್ದೇನೆ.

ಮರುದಿನ ಅಂಗಡಿಗೆ ಹೋದಾಗ ಮೊಮ್ಮಗನ ಮುಖ ಬಾಡಿದ್ದಿತು. ಅಂತಹ ಫೋನು ಬಂದಿದ್ದುದು ನನಗೊಬ್ಬನಿಗೇ ಅಲ್ಲ. ಅಂಗಡಿಯ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿ ಆರು ವರ್ಷಗಳಾಗಿದ್ದುವು. ಅದನ್ನು ತೆರೆಯುವ ಪಾಸ್‌ವರ್ಡ್ ಅಂಗಡಿಯ ಹೆಸರು, ಅದರ ಮುಂದೆ ಒಂದು ಎರಡು ಮೂರು. ನಾಲ್ವರು ಗುಮಾಸ್ತರಿಗೂ ಅದೊಂದೇ. ಅವರಲ್ಲಿಬ್ಬನು ಕೆಲಸ ಬಿಟ್ಟು ಹೋಗಿ ವರ್ಷವಾಗಿದ್ದರೂ ಪಾಸ್‌ವರ್ಡ್ ಬದಲಾಗಿರಲಿಲ್ಲ. ಅವನೇ ಕದ್ದನೋ, ಹೊರಗಿನವರು ಊಹಿಸಿದರೋ ಹೇಳುವವರಿಲ್ಲ. ತಿಜೋರಿಯ ಚಿನ್ನವೆಲ್ಲ ಇದ್ದಲ್ಲೇ ಇದ್ದಿತು. ಗಿರಾಕಿಗಳ ಹೆಸರು, ವಿಳಾಸ, ಫೋನು, ಒಡವೆ, ಸಾಲ ಇವಿಷ್ಟೇ ಹೊರಗೆ ಹೋಗಿದ್ದುವು.

“ಏನು ಮಾಡಲಿ ಸಾರ್? ಎಲ್ಲರಿಗೂ ಹೇಳಿಬಿಟ್ಟರೆ ನಾಳೆಯಿಂದ ಈ ಮೆಟ್ಟಿಲು ಹತ್ತುವವರು ಯಾರು?” ಎಂದು ಅವನು ಕೇಳಿದ.

ಗುರುವೆನಿಸಿಕೊಂಡವನು ಆಗ ಕೊಡಬೇಕಾದ ಉತ್ತರವನ್ನು ನಾನು ಕೊಡಲಿಲ್ಲ. “ಸ್ವಲ್ಪ ದಿನ ಸುಮ್ಮನಿರಪ್ಪ, ನೋಡೋಣ” ಎಂದೆ. ಸುದ್ದಿ ಹಬ್ಬಿದರೆ ಗಿರವಿಯ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯೆಂದು ಕಾಲೇಜಿನಲ್ಲಿ ತಿಳಿದೀತೆಂಬ ಹೆದರಿಕೆಯೇ ಆ ಮಾತಿನ ಹಿಂದಿದ್ದುದು.

ನಾವು ಸುಮ್ಮನಿದ್ದ ನಾಲ್ಕು ದಿನಗಳಲ್ಲಿ, ಹೂ ಕಟ್ಟಿ ಮಾರುವ ಮುದುಕಿಯೊಬ್ಬಳು ಫೋನಿನ ಮಾತನ್ನು ನಂಬಿ ಹದಿನೆಂಟು ಸಾವಿರ ರೂಪಾಯಿ ಕಳುಹಿಸಿದಳು. ಆಕೆಯ ಮಗ 1930 ಎಂಬ ಸಹಾಯವಾಣಿಗೆ ದೂರು ಕೊಡುವ ಹೊತ್ತಿಗೆ ಹಣ ಕೈದಾಟಿದ್ದಿತು. ಆಕೆ ಅಂಗಡಿಗೆ ಬಂದು ಕೂಗಾಡಲಿಲ್ಲ. “ನಿಮ್ಮ ತಾತ ಪುಸ್ತಕ ಮುಚ್ಚಿಡ್ತಿದ್ರು ಕಣಪ್ಪ” ಎಂದಷ್ಟೇ ಹೇಳಿ ಹೊರಟುಹೋದಳು. ಆ ಸಂಜೆ ಅವನು ಬಾಗಿಲು ಹಾಕಿಕೊಂಡು, ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಫೋನು ಮಾಡಲು ಕುಳಿತ. ನಾನೂ ಅವನ ಪಕ್ಕದಲ್ಲಿ ಕುಳಿತೆ.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಒಡವೆ ಇಟ್ಟವನು ಒಡವೆಯೊಡನೆ ತನ್ನ ಮನೆಯ ಗುಟ್ಟನ್ನೂ ಇಟ್ಟಿರುತ್ತಾನೆ. ಗುಟ್ಟು ಅಂಗಡಿಯವನ ಸ್ವತ್ತಲ್ಲ. ಅದೂ ಒಂದು ನಿಕ್ಷೇಪ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಂತಹ ಒಪ್ಪಿಸಿದ ಗಂಟಿನ ವಿಚಾರಕ್ಕೆಂದೇ ಒಂದು ಪ್ರಕರಣವುಂಟು. ಶತ್ರುಗಳ ದಾಳಿಯಿಂದಲೋ, ಬೆಂಕಿ ನೆರೆಗಳಿಂದಲೋ ಗಂಟು ಹಾಳಾದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ತನ್ನ ಸುಖಕ್ಕಾಗಿ ಅದನ್ನು ಬಳಸಿಕೊಂಡರೆ ದಂಡವುಂಟು. ಹಾಗಾದರೆ ನಮ್ಮ ಅಂಗಡಿಯಲ್ಲಿ ನಡೆದುದು ದಾಳಿಯೆ, ಅಲಕ್ಷ್ಯವೆ? ಬಾಗಿಲಿಗೆ ಅಗುಳಿಯನ್ನೇ ಹಾಕದವನು ದಾಳಿಯ ನೆಪ ಹೇಳುವುದು ಹೇಗೆ?

ಇಂದಿನ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ನಮ್ಮ ವಿವರಗಳನ್ನು ಇಟ್ಟುಕೊಳ್ಳುವ ವ್ಯಾಪಾರಿಯನ್ನು ‘ಡೇಟಾ ಫಿಡೂಷಿಯರಿ’ ಎಂದು ಕರೆಯುತ್ತದೆ. ಫಿಡೂಷಿಯರಿ ಎಂದರೆ ನಂಬಿ ಒಪ್ಪಿಸಿದುದನ್ನು ಕಾಯುವವನು. ವಿವರಗಳ ಮಾಲೀಕನೆಂಬ ಪಟ್ಟವನ್ನು ಕಾನೂನು ಅವನಿಗೆ ಕೊಟ್ಟಿಲ್ಲ. ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ವಿವರ ಸೋರಿದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿ ಗೊತ್ತಾಯಿತು.

ಇಂತಹ ಅಲಕ್ಷ್ಯದ ಬೆಲೆ ಗಿರಾಕಿಗಳ ಮೇಲೆ ಮಾತ್ರ ಬೀಳುವುದಿಲ್ಲ. ಅಂಗಡಿಯನ್ನೇ ಮುಳುಗಿಸಿದ ನಿದರ್ಶನವೂ ಉಂಟು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನಲ್ಲಿ ‘ನೈಟ್ಸ್ ಆಫ್ ಓಲ್ಡ್’ ಎಂಬ ಸರಕು ಸಾಗಣೆಯ ಸಂಸ್ಥೆಯಿದ್ದಿತು. 1865ರಲ್ಲಿ ಕುದುರೆಗಾಡಿಯೊಂದರಿಂದ ಆರಂಭವಾದ ಆ ಉದ್ಯಮ ಸುಮಾರು 500 ಲಾರಿಗಳನ್ನು ಓಡಿಸುವಷ್ಟು ಬೆಳೆದಿತ್ತು. 2023ರ ಜೂನಿನಲ್ಲಿ ಕಳ್ಳರು ಅದರ ಕಂಪ್ಯೂಟರುಗಳನ್ನು ಹೊಕ್ಕು, ಲೆಕ್ಕಪತ್ರಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗಾಗಿ ಹಣ ಕೇಳಿದರು. ವಿಮೆಯಿದ್ದರೂ ಸಂಸ್ಥೆ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಅದು ದಿವಾಳಿಯ ಆಡಳಿತಕ್ಕೆ ಹೋಗಿ, 700ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ನೌಕರನೊಬ್ಬನ ದುರ್ಬಲವಾದ ಪಾಸ್‌ವರ್ಡನ್ನು ಊಹಿಸಿ ಅವರು ಒಳಬಂದರೆಂದು ನಂಬಲಾಗಿದೆ. ಅದು ಯಾರದೆಂಬುದನ್ನು ಆ ನೌಕರನಿಗೆ ತಾವು ತಿಳಿಸಲೇ ಇಲ್ಲವೆಂದು ನಿರ್ದೇಶಕರು ಮುಂದೆ ಹೇಳಿದರು. ಅದು ದಯೆ, ನ್ಯಾಯವೂ ಹೌದು. ನೂರೈವತ್ತು ವರ್ಷಗಳ ಮನೆಯೊಂದು ಒಂದೇ ಚಿಲಕವನ್ನು ನಂಬಿ ನಿಂತಿದ್ದರೆ, ಚಿಲಕ ಹಾಕಿದವನನ್ನು ದೂರಿ ಏನು ಫಲ?

ನನ್ನ ವಿದ್ಯಾರ್ಥಿ ಮಾಡಿದ ತಿದ್ದುಪಡಿಗಳು ಮಹಾ ವಿದ್ಯೆಯೇನಲ್ಲ. ಗುಮಾಸ್ತರಿಗೆಲ್ಲ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡುಗಳು. ಅದರ ಮೇಲೆ ಫೋನಿಗೆ ಬರುವ ಎರಡನೆಯ ಪರೀಕ್ಷೆ. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಪುಟ. ಕೆಲಸ ಬಿಟ್ಟವನ ದಾರಿ ಅಂದೇ ಬಂದ್. ದಿನದ ಲೆಕ್ಕದ ಪ್ರತಿಯೊಂದು ಕಂಪ್ಯೂಟರಿನಿಂದ ಬಿಡಿಸಿಕೊಂಡು ತಿಜೋರಿಯಲ್ಲಿ. ಯಂತ್ರಕ್ಕೆ ಅಂಟಿಕೊಂಡೇ ಇರುವ ಪ್ರತಿಗೆ ಯಂತ್ರದ ಗತಿಯೇ ಗತಿಯಷ್ಟೆ. ಒಡವೆ ಬಿಡಿಸಿಕೊಂಡು ಹೋದವರ ವಿವರಗಳನ್ನು ಕಾನೂನು ಕೇಳುವಷ್ಟು ಕಾಲ ಇಟ್ಟು, ಅನಂತರ ಅಳಿಸಿಬಿಡುವುದು. ಈ ಕಡೆಯ ಮಾತನ್ನು ಅವನು ಹೇಳಿದಾಗ ನನ್ನ ಕಣ್ಣು ಗಾಜಿನ ಬೀರುವಿನತ್ತ ಹೋಯಿತು. ಕಡತದ ಗುಣವೂ ಅದೇ ಅಲ್ಲವೆ? ಬಟ್ಟೆಯಿಂದ ಒರೆಸಿದರೆ ಹಳೆಯ ಬರಹ ಅಳಿದು, ಹೊಸದಕ್ಕೆ ಎಡೆಯಾಗುತ್ತದೆ.

ಊರು ಏನೆಂದಿತೆಂದು ವಾಚಕರು ಕೇಳಬಹುದು. ಕೆಲವರು ಬೈದು ಒಡವೆ ಬಿಡಿಸಿಕೊಂಡು ಹೋದರು. ಬಹಳ ಮಂದಿ ಉಳಿದರು. ಹೂವಿನ ಮುದುಕಿಯ ಸಾಲದಲ್ಲಿ ಅವನು ಹದಿನೆಂಟು ಸಾವಿರವನ್ನು ವಜಾ ಮಾಡಿಕೊಂಡ. ನನ್ನ ಗಿರವಿಯ ಸುದ್ದಿ ಕಾಲೇಜಿಗೂ ಮುಟ್ಟಿತು. ಸಹೋದ್ಯೋಗಿಗಳಿಬ್ಬರು ಬಳಿಗೆ ಬಂದು, ತಮ್ಮ ಹೆಸರೂ ಅದೇ ಪಟ್ಟಿಯಲ್ಲಿದ್ದಿತೆಂದು ಮೆಲ್ಲಗೆ ಹೇಳಿದರು.

ಕಳೆದ ತಿಂಗಳು ಬಳೆಗಳನ್ನು ಬಿಡಿಸಿಕೊಳ್ಳಲು ಹೋಗಿದ್ದೆ. ನನ್ನ ಲೆಕ್ಕ ತೆರೆಯ ಮೇಲಿದ್ದಾಗ ಯಾರೋ ಮೆಟ್ಟಿಲು ಹತ್ತಿದ ಸದ್ದಾಯಿತು. ಅವನು ನನ್ನೊಡನೆ ಮಾತಾಡುತ್ತಲೇ ಕೈ ಚಾಚಿ ತೆರೆಯನ್ನು ಆರಿಸಿದ.