ಲಿಪಿಡ್ ಪ್ರೊಫೈಲ್‌ನಲ್ಲಿ ಕಾಣದ ಕೊಲೆಸ್ಟ್ರಾಲ್ ಕಣ

ಲೈಪೊಪ್ರೋಟೀನ್ (ಎ) ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಕಣಗಳಲ್ಲಿ ಒಂದು. ಲ್ಯಾಬ್ ವರದಿಗಳಲ್ಲಿ ಇದನ್ನು ಎಲ್‌ಪಿ(ಎ) ಎಂದು ಬರೆಯುತ್ತಾರೆ. ಕೊಬ್ಬು ನೀರಿನಲ್ಲಿ ಕರಗದು. ಆದ್ದರಿಂದ ದೇಹ ಅದನ್ನು ಪ್ರೋಟೀನ್ ಹೊದಿಕೆಯ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಹೆಸರಾದ ಎಲ್‌ಡಿಎಲ್ ಅಂಥದೊಂದು ಕಣ. ಅಂಥ ಕಣಕ್ಕೆ ಪಿತ್ತಜನಕಾಂಗದಲ್ಲಿ ತಯಾರಾಗುವ ಅಪೊ(ಎ) ಎಂಬ ಪ್ರೋಟೀನ್ ಅಂಟಿಕೊಂಡರೆ ಅದು ಎಲ್‌ಪಿ(ಎ). ಸಾಮಾನ್ಯ ಲಿಪಿಡ್ ಪ್ರೊಫೈಲ್ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್ ಇರುತ್ತವೆ, ಎಲ್‌ಪಿ(ಎ) ಇರುವುದಿಲ್ಲ. ವೈದ್ಯರು ಪ್ರತ್ಯೇಕವಾಗಿ ಬರೆದುಕೊಟ್ಟರೆ ಮಾತ್ರ ಅಳೆಯುತ್ತಾರೆ. ಹಾಗಾಗಿ ‘ಕೊಲೆಸ್ಟ್ರಾಲ್ ನಾರ್ಮಲ್’ ಎಂಬ ವರದಿ ಕೈಯಲ್ಲಿರುವವರಲ್ಲೂ ಇದು ಮಿತಿ ಮೀರಿರಬಹುದು.

ಇದನ್ನು ಮೊದಲು ಗುರುತಿಸಿದವರು ನಾರ್ವೆಯ ತಳಿವಿಜ್ಞಾನಿ ಕೋರೆ ಬರ್ಗ್, 1963ರಲ್ಲಿ. ಕೆಲವರ ರಕ್ತದಲ್ಲಿ ಮಾತ್ರ ಕಾಣುವ ಒಂದು ವಿಶೇಷ ಗುಣವೆಂದು ಅವರು ಅದನ್ನು ವಿವರಿಸಿದ್ದರು. ಎಲ್ಲರ ರಕ್ತದಲ್ಲೂ ಇದೆ, ಪ್ರಮಾಣ ಮಾತ್ರ ಒಬ್ಬರಿಂದ ಒಬ್ಬರಿಗೆ ಭಾರೀ ಬೇರೆ ಎಂಬುದು ಆಮೇಲೆ ತಿಳಿಯಿತು. 1987ರಲ್ಲಿ ಅಪೊ(ಎ) ಪ್ರೋಟೀನಿನ ರಚನೆ ಬಿಡಿಸಿಕೊಂಡಾಗ ಅಚ್ಚರಿಯೊಂದು ಕಾದಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ದೇಹ ಬಳಸುವ ಪ್ಲಾಸ್ಮಿನೋಜನ್‌ಗೂ ಇದಕ್ಕೂ ತುಂಬ ಹೋಲಿಕೆಯಿತ್ತು, ಆದರೆ ಕರಗಿಸುವ ಶಕ್ತಿ ಇದಕ್ಕಿರಲಿಲ್ಲ. ಪ್ಲಾಸ್ಮಿನೋಜನ್‌ನ ಕೆಲಸಕ್ಕೆ ಇದು ಅಡ್ಡಿಯಾಗಬಹುದೆಂಬ ಅನುಮಾನ ಹುಟ್ಟಿದ್ದು ಆಗಲೇ. ಜೀವಂತ ದೇಹದಲ್ಲಿ ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಚ್ಚು ಖಚಿತವಾಗಿರುವುದು ಇನ್ನೊಂದು ಹಾನಿ: ಎಲ್‌ಪಿ(ಎ) ಕಣಗಳು ಆಕ್ಸಿಡೀಕರಣಗೊಂಡ ಕೊಬ್ಬನ್ನು ಹೊತ್ತು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತವೆ, ಅಲ್ಲಿ ಉರಿಯೂತ ಎಬ್ಬಿಸುತ್ತವೆ, ಕೊಬ್ಬಿನ ಗಂಟು ಬೆಳೆಸುತ್ತವೆ. ಹೃದಯದಿಂದ ಮಹಾಪಧಮನಿಗೆ ರಕ್ತ ಬಿಡುವ ಕವಾಟದಲ್ಲಿ ಸುಣ್ಣ ಕಟ್ಟಿ ಅದು ಬಿಗಿಯಾಗುವುದಕ್ಕೂ ಇವು ಕಾರಣವಾಗುತ್ತವೆ.

ಎಲ್‌ಪಿ(ಎ) ಹೃದ್ರೋಗದ ಕಾರಣವೋ, ಬರೀ ಸಹಚರವೋ ಎಂಬ ಪ್ರಶ್ನೆಗೆ ವಂಶವಾಹಿ ಅಧ್ಯಯನಗಳು ಉತ್ತರ ಕೊಟ್ಟವು. 2009ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಹುಟ್ಟಿನಿಂದಲೇ ಇದರ ಪ್ರಮಾಣ ಹೆಚ್ಚಿಸುವ ವಂಶವಾಹಿ ಪಡೆದವರಲ್ಲಿ ಹೃದಯಾಘಾತವೂ ಹೆಚ್ಚೆಂದು ತೋರಿಸಿದರು. ವಂಶವಾಹಿ ಹುಟ್ಟುವಾಗಲೇ ನಿಗದಿಯಾಗುವುದರಿಂದ, ಇಲ್ಲಿ ಜೀವನಶೈಲಿಯ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಆರನೆಯ ವರ್ಣತಂತುವಿನಲ್ಲಿರುವ ಎಲ್‌ಪಿಎ ಎಂಬ ಒಂದೇ ವಂಶವಾಹಿ ಈ ಪ್ರಮಾಣವನ್ನು ಬಹುಪಾಲು ತೀರ್ಮಾನಿಸುತ್ತದೆ. ಸುಮಾರು 5ನೇ ವಯಸ್ಸಿಗೆ ಅದು ನೆಲೆಗೊಂಡರೆ ಆಮೇಲೆ ಹೆಚ್ಚು ಬದಲಾಗದು. ಎಣ್ಣೆ ಬಿಟ್ಟರೂ, ದಿನವೂ ನಡೆದರೂ, ತೂಕ ಇಳಿಸಿದರೂ ಇದು ಅಷ್ಟಾಗಿ ಇಳಿಯುವುದಿಲ್ಲ. ವ್ಯಾಯಾಮ ಮಾಡುತ್ತಾ, ಬೀಡಿ ಸಿಗರೇಟು ಮುಟ್ಟದೆ ಬದುಕಿದವರಿಗೂ ನಡುವಯಸ್ಸಿನಲ್ಲೇ ಹೃದಯಾಘಾತವಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಭಾರತೀಯರಿಗೆ ಇದು ದೂರದ ವಿಷಯವಲ್ಲ. ಹಲವು ದೇಶಗಳ ಹೃದಯಾಘಾತದ ರೋಗಿಗಳ ಮೇಲೆ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ವಯಸ್ಸು ಉಳಿದವರಿಗಿಂತ 5 ವರ್ಷಕ್ಕೂ ಹೆಚ್ಚು ಮುಂಚೆ. ಅದೇ ಅಧ್ಯಯನದ ರಕ್ತದ ಮಾದರಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎಲ್‌ಪಿ(ಎ) ಪ್ರತಿ ಡೆಸಿಲೀಟರ್‌ಗೆ 50 ಮಿಲಿಗ್ರಾಂ ಮೀರಿದ ದಕ್ಷಿಣ ಏಷ್ಯಾದವರಿಗೆ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 40 ವರ್ಷ ಮೀರದ ಹೃದ್ರೋಗಿಗಳಿಗಾಗಿ ಪ್ರತ್ಯೇಕ ದಾಖಲಾತಿಯನ್ನೇ ನಡೆಸುವಷ್ಟು ಅಂಥವರ ಸಂಖ್ಯೆ ನಮ್ಮಲ್ಲಿದೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ಎಲ್‌ಪಿ(ಎ) ಪರೀಕ್ಷಿಸಿಕೊಳ್ಳಬೇಕೆಂದು ಹೇಳಿದೆ. ಇದು ತಡವಾಗಿ ಬಂದ, ಆದರೆ ಸರಿಯಾದ ಸಲಹೆ.

ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಪ್ರತಿ ಡೆಸಿಲೀಟರ್‌ಗೆ 30 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 50 ಮೀರಿದರೆ ಹೆಚ್ಚು. ನಡುವಿನದನ್ನು ಉಳಿದ ಅಪಾಯಗಳ ಜೊತೆಗಿಟ್ಟು ನೋಡಬೇಕು. ಕೆಲವು ಲ್ಯಾಬ್‌ಗಳು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ 125 ಮೀರಿದರೆ ಹೆಚ್ಚು. ಎರಡು ವರದಿಗಳನ್ನು ಹೋಲಿಸುವ ಮುನ್ನ ಅಳತೆ ಯಾವುದೆಂದು ನೋಡಿಕೊಳ್ಳದಿದ್ದರೆ ಸುಮ್ಮನೆ ಗಾಬರಿಯಾದೀತು. ಕಿಡ್ನಿ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲಿ ಅಂಕಿ ಸ್ವಲ್ಪ ಏರುತ್ತದೆ. ಮುಟ್ಟು ನಿಂತ ಮೇಲೂ ಹಾಗೆಯೇ.

ಅಂಕಿ ಹೆಚ್ಚು ಬಂದರೆ ಹೃದಯಾಘಾತ ಖಚಿತ ಎಂದಲ್ಲ. ಕೊಲೆಸ್ಟ್ರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಎಲ್‌ಪಿ(ಎ)ಯನ್ನು ಇಳಿಸುವುದಿಲ್ಲ ನಿಜ. ಆದರೂ ಅದು ಎಲ್‌ಡಿಎಲ್ ತಗ್ಗಿಸಿ ಒಟ್ಟು ಅಪಾಯವನ್ನು ಕಡಿಮೆ ಮಾಡುವುದರಿಂದ, ‘ಇದರಿಂದ ಪ್ರಯೋಜನವಿಲ್ಲ’ ಎಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಎಲ್‌ಡಿಎಲ್ ಇಳಿಸಲು ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಎಲ್‌ಪಿ(ಎ)ಯನ್ನು ಕಾಲುಭಾಗದಷ್ಟು ಇಳಿಸುತ್ತವೆ. ಪೆಲಾಕಾರ್ಸೆನ್, ಓಲ್ಪಾಸಿರಾನ್‌ನಂಥ ಹೊಸ ಔಷಧಗಳು ಅಪೊ(ಎ) ತಯಾರಿಕೆಯನ್ನೇ ತಡೆದು ಶೇ 80ಕ್ಕೂ ಮಿಗಿಲಾಗಿ ಇಳಿಸಬಲ್ಲವು. ಆದರೆ ಅಂಕಿ ಇಳಿದ ಮಾತ್ರಕ್ಕೆ ಹೃದಯಾಘಾತ ತಪ್ಪುತ್ತದೆ ಎನ್ನಲಾಗದು. ಅದನ್ನು ತಿಳಿಯಲೆಂದೇ ಸಾವಿರಾರು ರೋಗಿಗಳ ಮೇಲೆ ದೊಡ್ಡ ಪ್ರಯೋಗಗಳನ್ನು ಕೈಗೊಳ್ಳಲಾಗಿದೆ. ಎಲ್‌ಪಿ(ಎ) ಹೆಚ್ಚಿರುವವರು ಬಿ.ಪಿ., ಸಕ್ಕರೆ ಕಾಯಿಲೆ, ಎಲ್‌ಡಿಎಲ್ ಇವನ್ನು ಬೇರೆಯವರಿಗಿಂತ ಬಿಗಿಯಾಗಿ ಹತೋಟಿಯಲ್ಲಿಡಬೇಕು, ತಂಬಾಕಿನ ಸಹವಾಸವನ್ನು ಪೂರ್ತಿ ಬಿಡಬೇಕು.

ತಂದೆ ಅಥವಾ ತಾಯಿಯಲ್ಲಿ ಇದು ಹೆಚ್ಚಿದ್ದರೆ ಪ್ರತಿ ಮಗುವಿಗೂ ಆ ವಂಶವಾಹಿ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು. ಮನೆಯಲ್ಲಿ ಯಾರಿಗಾದರೂ 55 ವರ್ಷದೊಳಗೆ ಹೃದಯಾಘಾತವಾಗಿದ್ದರೆ ಅಥವಾ ಎಲ್‌ಪಿ(ಎ) ಹೆಚ್ಚು ಎಂದು ಗೊತ್ತಾಗಿದ್ದರೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಈ ಪರೀಕ್ಷೆಯ ಬಗ್ಗೆ ತಮ್ಮ ವೈದ್ಯರನ್ನು ತಾವಾಗಿಯೇ ಕೇಳಬೇಕು.