ನಕ್ಷತ್ರ ಎಣಿಸಿ ಕೋಣೆ ಹಿಡಿಯಬಹುದೇ?

ದಸರಾ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಪ್ರವಾಸದ ಮಾತು. ಊರು ಯಾವುದೆಂದು ಅಪ್ಪ-ಅಮ್ಮ ನಿರ್ಧರಿಸಿದರೆ, ಹೋಟೆಲು ಹುಡುಕುವ ಕೆಲಸ ಮೊಬೈಲು ಹಿಡಿದ ಮಕ್ಕಳದ್ದು. ಅಲ್ಲಿ ತಂಗಿದವರು ಬರೆದರೆಂಬ ಹೊಗಳಿಕೆ, ಕೊಟ್ಟ ನಕ್ಷತ್ರಗಳನ್ನು ನೋಡಿ ಮುಂಗಡ ಕಟ್ಟಿದ್ದೂ ಆಯಿತು. ವರ್ಷವಿಡೀ ಕೂಡಿಟ್ಟ ಹಣ. ಆ ನಕ್ಷತ್ರಗಳನ್ನು ನಂಬಬಹುದೇ?

2017ರಲ್ಲಿ ಲಂಡನ್ನಿನ ಪತ್ರಕರ್ತ ಊಬಾ ಬಟ್ಲರ್ ಇದನ್ನೇ ಪರೀಕ್ಷಿಸಿದರು. ತಾವು ವಾಸವಿದ್ದ ಹಿತ್ತಲ ಶೆಡ್ಡನ್ನು ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್ ತಾಣದಲ್ಲಿ ನಮೂದಿಸಿ, ಗೆಳೆಯರಿಂದ ಹೊಗಳಿಕೆ ಬರೆಸಿದರು. ಒಬ್ಬರಿಗೂ ಊಟ ಬಡಿಸದ ಆ ಶೆಡ್ಡು ಕೆಲವೇ ತಿಂಗಳಲ್ಲಿ ಲಂಡನ್ನಿಗೇ ಮೊದಲ ಸ್ಥಾನಕ್ಕೇರಿತು! ಊಟದ ಮನೆಗೆ ಆದದ್ದು ತಂಗುವ ಕೋಣೆಗೂ ಆಗಬಹುದು.

ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ದುಡ್ಡು ಕೊಟ್ಟು ಬರೆಸಿದ ಅಭಿಪ್ರಾಯ ಪ್ರಕಟಿಸಕೂಡದು ಎನ್ನುತ್ತದೆ ಅದು. ಆದರೆ ಅದು ಬಂದದ್ದು ಐಚ್ಛಿಕ ನಿಯಮವಾಗಿ.

ಹಾಗೆಂದು ಎಲ್ಲವೂ ಸುಳ್ಳಲ್ಲ. ಓದುವ ಬಗೆ ತಿಳಿದಿರಬೇಕು. 'ಅದ್ಭುತ', 'ದರಿದ್ರ' ಎಂಬ ಮಾತುಗಳನ್ನು ಬಿಡಿ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಸ್ ನಿಲ್ದಾಣ ಎಷ್ಟು ದೂರ ಎಂಬ ವಿವರ ಹುಡುಕಿ. ಮೂರು ನಕ್ಷತ್ರ ಕೊಟ್ಟವರು ಗುಣ-ದೋಷ ಎರಡನ್ನೂ ಹೇಳುವುದುಂಟು. ದಿನಾಂಕವನ್ನೂ ಗಮನಿಸಿ. ಮಾರ್ಚಿಯಲ್ಲಿ ಮಡಿಕೇರಿಗೆ ಹೋಗಿಬಂದವರಿಗೆ ಜುಲೈ ಮಳೆಗೆ ಒದ್ದೆಯಾಗುವ ಗೋಡೆ ಹೇಗೆ ಗೊತ್ತು? ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಮರುಕಳಿಸಿದ್ದರೆ ಅದನ್ನು ತಳ್ಳಿಹಾಕಬೇಡಿ.

ಮಕ್ಕಳು ಓದಿ ಪಟ್ಟಿ ಮಾಡಲಿ. ಹಿರಿಯರು ಹೋಟೆಲಿಗೇ ಫೋನು ಮಾಡಿ ವಿಚಾರಿಸಲಿ. ಮುಂಗಡ ಆಮೇಲೆ.