ನಾಯಿಯ ಸ್ನಾನವೂ ಚರ್ಮರಕ್ಷಣೆಯೂ

ಸಕಲೇಶಪುರ, ಆಲೂರು ಸೀಮೆಗಳಲ್ಲಿ ನಾಯಿಯಿಲ್ಲದ ಮನೆ ವಿರಳವೆಂದೇ ಹೇಳಬೇಕು. ಮನೆಗೂ ಮನೆಗೂ ನಡುವೆ ತೋಟವೋ ಗುಡ್ಡವೋ ಅಡ್ಡವಿರುವ ಈ ಮಲೆನಾಡಿನಲ್ಲಿ ರಾತ್ರಿಯ ಕಾವಲಿಗೂ, ಗದ್ದೆಗೆ ನುಗ್ಗುವ ಹಂದಿಯ ಸುಳಿವು ಕೊಡುವುದಕ್ಕೂ, ಒಂಟಿಯಾಗಿರುವ ವೃದ್ಧರ ಜೊತೆಗೂ ನಾಯಿಯೇ ಆಧಾರ. ಹಿಂದೆ ಅದು ಜಗಲಿಯಲ್ಲಿಯೋ ಕೊಟ್ಟಿಗೆಯಲ್ಲಿಯೋ ಮಲಗಿ ಕಾಲ ಕಳೆಯುತ್ತಿತ್ತು. ಈಗಲಾದರೋ ಎಷ್ಟೋ ಮನೆಗಳಲ್ಲಿ ನಡುಮನೆಯನ್ನೂ ದಾಟಿ ಮಕ್ಕಳ ಹಾಸಿಗೆಯ ಬಳಿಗೆ ಬಂದಿದೆ. ಒಳಗೆ ಬಂದ ಮೇಲೆ ಅದರ ಮೈಯ ಶುಚಿತ್ವದ ಚಿಂತೆ ಗೃಹಿಣಿಯ ಪಾಲಿಗೆ ಬರುವುದು ಸಹಜವೇ ಆಗಿದೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದ ನಾಡಿದು. ಮಳೆಗಾಲದಲ್ಲಿ ಕೆಸರು, ಇಂಬಳ, ಒದ್ದೆಕೂದಲಿನ ವಾಸನೆ. ಮಳೆ ನಿಂತಿತೆಂದರೆ ಉಣುಗಿನ ಕಾಟ. ಕಾಫಿ ಕೊಯ್ಲಿನ ದಿನಗಳಲ್ಲಿ ಕೆಂಪು ಧೂಳು. ಆದುದರಿಂದ ವಾರಕ್ಕೊಮ್ಮೆ, ಕೆಲವು ಕಡೆ ವಾರಕ್ಕೆ ಎರಡು ಮೂರು ಸಲ, ನಾಯಿಯನ್ನು ಬಚ್ಚಲಿಗೆ ಎಳೆದು ಸಾಬೂನು ಹಚ್ಚಿ ತಿಕ್ಕಿ ಮೀಯಿಸುವ ರೂಢಿ ಬೆಳೆದಿದೆ.

ಇದರ ಫಲವನ್ನು ಅನೇಕರು ಕಂಡಿರಬಹುದು. ಬೆನ್ನಿನ ಮೇಲೆ ಕೈಯಾಡಿಸಿದರೆ ಬಿಳಿಯ ಹೊಟ್ಟು ಉದುರುತ್ತದೆ. ಕೂದಲು ಹೊಳಪುಗುಂದಿ ಒರಟಾಗುತ್ತದೆ. ನಾಯಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಮನೆಯವರು ಅದನ್ನು ಕೊಳೆಯೆಂದೇ ಭಾವಿಸಿ ಮತ್ತಷ್ಟು ತೊಳೆಯುತ್ತಾರೆ. ತೊಳೆದಂತೆಲ್ಲ ಕೆರೆತ ಇಮ್ಮಡಿಸುತ್ತದೆ. ಕಡೆಗೆ, ಇದಕ್ಕೆ ಕಜ್ಜಿ ಹತ್ತಿತು, ಮಕ್ಕಳಿಗೆ ಅಂಟೀತು ಎಂದು ಹೆದರಿ ಹೊರಗೆ ಕಟ್ಟಿಹಾಕುವವರೂ, ಘಟ್ಟದ ರಸ್ತೆಯಲ್ಲಿ ಬಿಟ್ಟುಬರುವವರೂ ಉಂಟು. ಸ್ನಾನದ ಅತಿರೇಕದಿಂದ ಬಂದ ದೋಷಕ್ಕಾಗಿ ಆ ಮೂಕಪ್ರಾಣಿ ತನ್ನ ಮನೆಯನ್ನೇ ಕಳೆದುಕೊಳ್ಳುವುದು ಅನ್ಯಾಯವಲ್ಲವೆ?

ನಾಯಿಯನ್ನು ಹೀಗೆ ಕಡೆಗಣಿಸುವುದು ಕನ್ನಡನಾಡಿನ ಹಿರಿಯರಿಗೆ ಒಪ್ಪುವ ಮಾತಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. ೯೫೦ರ ಶಿಲಾಶಾಸನದಲ್ಲಿ ಕಾಳಿಯೆಂಬ ಬೇಟೆನಾಯಿಯ ವೃತ್ತಾಂತವಿದೆ. ಮಣಲೆರನೆಂಬ ವೀರನು, ಅರಸನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಈ ನಾಯಿಯನ್ನೇ ಬೇಡಿ ಪಡೆದನು. ಅದು ದೊಡ್ಡ ಹಂದಿಯೊಂದರೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ನಾಯಿಗೆ ಅಷ್ಟು ಗೌರವ ಕೊಟ್ಟ ನಾಡಿನವರು ನಾವು. ಅದರ ಚರ್ಮದ ಗುಣವನ್ನು ಸ್ವಲ್ಪ ತಿಳಿದುಕೊಳ್ಳುವುದು ಹೆಚ್ಚಿನ ಶ್ರಮವೇನೂ ಅಲ್ಲ.

ನಾಯಿಯ ತ್ವಚೆ ನಮ್ಮ ತ್ವಚೆಯಂತಲ್ಲ. ಮನುಷ್ಯನ ಮೇಲ್ಚರ್ಮದಲ್ಲಿ ಹತ್ತಕ್ಕೂ ಮೇಲ್ಪಟ್ಟು ಕೋಶಪದರಗಳಿದ್ದರೆ, ನಾಯಿಯ ಮೈಯಲ್ಲಿ ಕೂದಲು ದಟ್ಟವಾಗಿರುವ ಕಡೆ ೩ರಿಂದ ೫ ಪದರಗಳು ಮಾತ್ರ. ಹೊದಿಕೆಯ ಕೆಲಸವನ್ನು ಬಹುಮಟ್ಟಿಗೆ ಕೂದಲೇ ಮಾಡುವುದರಿಂದ ಪ್ರಕೃತಿಯು ಚರ್ಮವನ್ನು ತೆಳುವಾಗಿಟ್ಟಿದೆ. ಕೂದಲಿನ ಬುಡದ ಸಣ್ಣ ಗ್ರಂಥಿಗಳು ಒಂದು ಬಗೆಯ ಜಿಡ್ಡನ್ನು ಸ್ರವಿಸುತ್ತವೆ. ಈ ಜಿಡ್ಡು ಚರ್ಮದೊಳಗಿನ ತೇವ ಆರಿಹೋಗದಂತೆ ತಡೆಯುತ್ತದೆ, ಕೂದಲಿಗೆ ಹೊಳಪು ಕೊಡುತ್ತದೆ, ಮಳೆಯ ನೀರು ಚರ್ಮಕ್ಕಿಳಿಯದಂತೆ ಕಾಯುತ್ತದೆ. ನಮ್ಮ ತೋಟಗಳಲ್ಲಿ ಈಗ ಬಹಳವಾಗಿ ಸಾಕುವ ಲ್ಯಾಬ್ರಡಾರ್ ಜಾತಿಯ ಪೂರ್ವಜರು ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡಿನಲ್ಲಿ ಬೆಸ್ತರ ಜೊತೆ ತಣ್ಣೀರಿನಲ್ಲಿ ಕೆಲಸ ಮಾಡಿದ ನಾಯಿಗಳು. ಅವುಗಳ ಎರಡು ಪದರದ ಕೂದಲು ಜಿಡ್ಡಿನ ಬಲದಿಂದಲೇ ನೀರನ್ನು ಕೊಡಹುತ್ತಿತ್ತು. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ 'ಸ್ನೇಹ'ವೆಂಬ ಒಂದೇ ಹೆಸರು. ಜಿಡ್ಡುಳ್ಳದ್ದು ಸ್ನಿಗ್ಧ, ಅದನ್ನು ಕಳೆದುಕೊಂಡದ್ದು ರೂಕ್ಷ. ನಾಯಿಯ ಮೈಗೆ ಆ ಸ್ನೇಹವನ್ನು ಪ್ರಕೃತಿಯೇ ಒದಗಿಸಿದೆ. ನಾವು ಅದನ್ನು ಕಳೆಯದಿದ್ದರೆ ಸಾಕು.

ಇನ್ನು ಸಾಬೂನಿನ ವಿಚಾರ. ಆಮ್ಲಕ್ಷಾರಗಳನ್ನು ಅಳೆಯುವ ಮಾನದಲ್ಲಿ ಶುದ್ಧಜಲದ ಸ್ಥಾನ ೭. ಅದಕ್ಕೆ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಮನುಷ್ಯನ ಚರ್ಮ ೫ರ ಆಸುಪಾಸಿನಲ್ಲಿದ್ದು ತುಸು ಆಮ್ಲಗುಣವುಳ್ಳದ್ದು. ನಾಯಿಯದು ೭ಕ್ಕೆ ಸಮೀಪ. ನಾವು ಬಳಸುವ ಸಾಮಾನ್ಯ ಸಾಬೂನು ೯ರಿಂದ ೧೦ರಷ್ಟು ಕ್ಷಾರವಾದುದು. ಬಟ್ಟೆಯ ಸಾಬೂನಿನ ತೀಕ್ಷ್ಣತೆಯನ್ನಂತೂ ಹೇಳಬೇಕಾದುದೇ ಇಲ್ಲ. ಇವು ಕೊಳೆಯನ್ನು ತೆಗೆಯುವಾಗ ಜಿಡ್ಡನ್ನೂ ಬಿಡದೆ ಒಯ್ಯುತ್ತವೆ. ಮೇಲ್ಚರ್ಮದ ಕೋಶಗಳು ಬುಡದಲ್ಲಿ ಹುಟ್ಟಿ ಮೇಲಕ್ಕೆ ಬಂದು ಉದುರುವುದಕ್ಕೆ ಸುಮಾರು ೩ ವಾರ ಹಿಡಿಯುತ್ತದೆ. ಮೂರು ದಿನಕ್ಕೊಮ್ಮೆ ತಿಕ್ಕಿದರೆ ಅದು ಸುಧಾರಿಸಿಕೊಳ್ಳುವುದು ಯಾವಾಗ?

ಆಲೂರಿನ ಕಡೆಯ ಒಂದು ಮನೆಯಲ್ಲಿ ಇಂಥ ನಾಯಿಯೊಂದನ್ನು ಕಂಡೆನು. ಮನೆಯ ಹೆಣ್ಣುಮಗಳು, "ಮೇಷ್ಟ್ರೇ, ವಾರಕ್ಕೆರಡು ಸಲ ಮೀಯಿಸ್ತೀನಿ, ಆದರೂ ಇದರ ಕೆರೆತ ನಿಲ್ಲಲ್ಲ. ಯಾರಿಗಾದರೂ ಕೊಟ್ಟುಬಿಡಿ ಅಂತಾರೆ ನಮ್ಮನೆಯವರು" ಎಂದು ಹೇಳಿಕೊಂಡರು. "ಯಾವ ಸೋಪಮ್ಮ?" ಎಂದು ಕೇಳಿದೆ. "ನಾವು ಹಚ್ಚಿಕೊಳ್ಳೋದೇ, ಕೆಸರು ಜಾಸ್ತಿ ಆದಾಗ ಬಟ್ಟೆ ಸೋಪು" ಎಂದರು. ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಜ್ಜಿಯ ಹುಳು ಇಲ್ಲವೆಂದೂ ಸಾಬೂನನ್ನು ಬಿಡಬೇಕೆಂದೂ ಹೇಳಿದರು. ಕೆಸರಿಗೆ ಬರಿಯ ನೀರು, ತಿಂಗಳಿಗೊಮ್ಮೆ ನಾಯಿಯ ಶಾಂಪೂ, ಊಟದಲ್ಲಿ ಸ್ವಲ್ಪ ಬದಲಾವಣೆ, ಇಷ್ಟೇ ಚಿಕಿತ್ಸೆ. ಎರಡು ತಿಂಗಳು ಕಳೆಯುವುದರೊಳಗೆ ಹೊಟ್ಟು ನಿಂತಿತು. ನಾಯಿ ಆ ಮನೆಯಲ್ಲಿಯೇ ಉಳಿಯಿತು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ಮೀಯಿಸಬೇಕು? ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಅದರ ಬೆವರು ಬಹುಮಟ್ಟಿಗೆ ಅಂಗಾಲಿನಲ್ಲಿ. ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಶಾಂಪೂ ಸ್ನಾನ ಧಾರಾಳವಾಯಿತು. ಗಿಡ್ಡಕೂದಲಿನ ನಾಟಿ ನಾಯಿಗೆ ಅಷ್ಟೂ ಬೇಡ. ಕೆಸರಾದಾಗಲೆಲ್ಲ ಕಾಲು ಹೊಟ್ಟೆಗಳನ್ನು ಬರಿಯ ನೀರಿನಲ್ಲಿ ತೊಳೆದು ಒರಸಿದರೆ ಸಾಕು. ಕೆಸರು ಒಣಗಿದ್ದರೆ ಬ್ರಷ್ಷಿನಿಂದಲೇ ಉದುರಿಹೋಗುತ್ತದೆ. ದಿನಕ್ಕೊಮ್ಮೆ ಬ್ರಷ್ಷಿನಿಂದ ಬಾಚುವುದು ಸ್ನಾನಕ್ಕಿಂತ ಮೇಲಾದ ಉಪಚಾರ: ಸತ್ತ ಕೂದಲೂ ಹೊಟ್ಟೂ ಹೋಗುತ್ತವೆ, ಬುಡದ ಜಿಡ್ಡು ಕೂದಲಿನ ತುದಿಯವರೆಗೆ ಹರಡುತ್ತದೆ, ಉಣುಗು ಇದ್ದರೆ ಕಣ್ಣಿಗೆ ಬೀಳುತ್ತದೆ.

ಉಣುಗನ್ನು ಸ್ನಾನದಿಂದ ಕಳೆಯಬಹುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಚ್ಚಿ ಹಿಡಿದ ಉಣುಗು ಸಾಬೂನಿಗೆ ಜಗ್ಗದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಕೆಳಗುದುರಿ, ಗೋಡೆಯ ಬಿರುಕಿನಲ್ಲಿಯೂ ಹಲಗೆಯ ಸಂದಿನಲ್ಲಿಯೂ ಸಾವಿರಾರು ಮೊಟ್ಟೆಯಿಡುತ್ತದೆ. ಎರ್ಲಿಕಿಯ, ಬೆಬೀಸಿಯ ಎಂಬ ಜ್ವರಗಳನ್ನು ನಾಯಿಗೆ ತರುವುದೂ ಇದೇ. ಇವು ಪ್ರಾಣಕ್ಕೆ ಎರವಾಗುವಂಥವು. ಆದುದರಿಂದ ಉಣುಗಿಗೆ ವೈದ್ಯರು ಕೊಟ್ಟ ಔಷಧವೇ ಬೇಕು, ನಾಯಿ ಮಲಗುವ ಜಾಗದ ಶುದ್ಧಿಯೂ ಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆನ್ನಿನ ಮೇಲೆ ಬಿಡುವ ಹನಿ ಔಷಧಗಳಲ್ಲಿ ಹಲವು ಚರ್ಮದ ಜಿಡ್ಡಿನೊಡನೆ ಬೆರೆತು ಮೈಮೇಲೆ ಹರಡುತ್ತವೆ. ಅವನ್ನು ಹಾಕುವ ಎರಡು ದಿನ ಮೊದಲಿನಿಂದ ಹಾಕಿದ ಎರಡು ದಿನದವರೆಗೆ ಮೀಯಿಸಕೂಡದು. ಅನಂತರವೂ ಪದೇ ಪದೇ ಶಾಂಪೂ ಹಾಕಿದರೆ ಔಷಧದ ಬಲ ಕುಂದುತ್ತದೆ. ಮೀಯಿಸಲೇಬೇಕಾದ ನಾಯಿಗೆ ನುಂಗಿಸುವ ಮಾತ್ರೆ ಸರಿಯೇ ಎಂದು ವೈದ್ಯರನ್ನು ಕೇಳಬಹುದು.

ಸ್ನಾನದ ಕ್ರಮ ಹೀಗಿರಲಿ. ಮೊದಲು ಕೂದಲನ್ನು ಬಾಚಿ ಗಂಟು ಬಿಡಿಸಬೇಕು. ನೀರು ಉಗುರುಬೆಚ್ಚಗಿರಬೇಕು, ಹಂಡೆಯಿಂದ ತೋಡಿದ ಸುಡುನೀರು ಕೆರೆತವನ್ನು ಕೆರಳಿಸುತ್ತದೆ. ನಾಯಿಗಾಗಿಯೇ ಮಾಡಿದ ಶಾಂಪೂವನ್ನು ಒಂದು ಚೊಂಬು ನೀರಿನಲ್ಲಿ ಕದಡಿ ಹಚ್ಚಿದರೆ ಕಡಮೆಯೂ ಸಾಕಾಗುತ್ತದೆ, ತೊಳೆಯುವುದೂ ಸುಲಭ. ಹಳ್ಳದ ನೀರೂ ಮಳೆನೀರೂ ಮೃದುವಾದುದರಿಂದ ನೊರೆ ಬೇಗ ಏಳುತ್ತದೆ, ಬೇಗ ಹೋಗುವುದಿಲ್ಲ. ಚರ್ಮದಲ್ಲುಳಿದ ನೊರೆಯೇ ಅರ್ಧ ತುರಿಕೆಗೆ ಮೂಲ. ಹಚ್ಚಿದುದಕ್ಕಿಂತ ಎರಡರಷ್ಟು ಹೊತ್ತು ತೊಳೆಯುವುದು ಲೇಸು. ಚರ್ಮ ಒಣಗಿದ್ದರೆ ಕಡೆಯಲ್ಲಿ ನಾಯಿಯ ಕಂಡಿಷನರ್ ಹಚ್ಚಬಹುದು. ಇಲ್ಲವೆ ಓಟ್ಸನ್ನು ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕದಡಿ ಮೈಮೇಲೆ ಸುರಿದು, ಹತ್ತು ನಿಮಿಷ ಬಿಟ್ಟು ತೊಳೆಯಬಹುದು. ಆಮೇಲೆ ಹಳೆಯ ಪಂಚೆಯಿಂದ ಕಿವಿ, ಕಂಕುಳು, ಬೆರಳಸಂದುಗಳನ್ನು ಒತ್ತಿ ಒರಸಬೇಕು. ಆಷಾಢದ ಶೀತದಲ್ಲಿ ಒದ್ದೆಯಾಗಿ ಉಳಿದ ಸಂದುಗಳಲ್ಲಿ ಬೂಷ್ಟಿನ ಜಾತಿಯ ಜೀವಿಗಳು ಬೆಳೆದು ದುರ್ಗಂಧವೂ ಹುಣ್ಣೂ ಆಗುತ್ತವೆ.

ಸೀಗೆಕಾಯಿ, ಅಂಟುವಾಳಗಳನ್ನು ಕೆಲವರು ಬಳಸುತ್ತಾರೆ. ಇವೂ ಜಿಡ್ಡು ತೆಗೆಯುವುವೇ. ಕಣ್ಣಿಗೆ ಬಿದ್ದರೆ ಉರಿ ಬೇರೆ. ಕಡಲೆಹಿಟ್ಟು ದಟ್ಟಕೂದಲಿನಲ್ಲಿ ಸಿಕ್ಕಿಕೊಂಡು ಮಳೆಗಾಲದಲ್ಲಿ ಹುಳಿಯುತ್ತದೆ. ಮನೆಯ ವಸ್ತುವೆಂದ ಮಾತ್ರಕ್ಕೆ ವಾರವಾರವೂ ಹಚ್ಚಬಹುದೆಂದು ತಿಳಿಯಬಾರದು.

ಮಲೆನಾಡಿನ ನಾಯಿಗೆ ಪ್ರಿಯವಾದ ಸ್ಥಳ ಬಚ್ಚಲೊಲೆಯ ಬೂದಿ. ಮಿಂದು ಬಂದ ನಾಯಿ ನೇರವಾಗಿ ಅಲ್ಲಿಗೇ ಹೋಗಿ ಸುರುಳಿ ಸುತ್ತುತ್ತದೆ. ಬೂದಿ ಸ್ವಭಾವತಃ ಕ್ಷಾರ. ಹಿಂದಿನವರು ಅದರ ನೀರಿನಿಂದಲೇ ಬಟ್ಟೆ ಒಗೆಯುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಒದ್ದೆಮೈಗೆ ಬೂದಿ, ಅದರ ಮೇಲೆ ಬೆಂಕಿಯ ಝಳ, ಇವೆರಡೂ ಕೂಡಿದರೆ ಚರ್ಮ ಒಣಗಿ ಬಿರಿಯದೆ ಇದ್ದೀತೆ? ಒಲೆಯಿಂದ ನಾಲ್ಕಾರು ಅಡಿ ದೂರದಲ್ಲಿ ಒಣಗಿದ ಗೋಣಿಯನ್ನು ಹಾಸಿ ಅದಕ್ಕೆ ಮಲಗುವ ಅಭ್ಯಾಸ ಮಾಡಿಸಿದರೆ ಬೆಚ್ಚಗೂ ಇರುತ್ತದೆ, ಮೈಯೂ ಕೆಡುವುದಿಲ್ಲ. ಡಿಸೆಂಬರ್, ಜನವರಿಗಳ ಒಣಗಾಳಿಯಲ್ಲಿ ಈ ಎಚ್ಚರಿಕೆ ಮತ್ತೂ ಅಗತ್ಯ.

ಮೈಯ ಜಿಡ್ಡು ಊಟದಿಂದಲೇ ಹುಟ್ಟಬೇಕು. ಬರಿಯ ಅನ್ನ ಮಜ್ಜಿಗೆಯಿಂದ ಬೆಳೆದ ನಾಯಿಯ ಕೂದಲು ಒರಟಾಗುವುದರಲ್ಲಿ ಆಶ್ಚರ್ಯವಿಲ್ಲ. ಮಾಂಸಸಾರವೂ, ಚರ್ಮಕ್ಕೆ ಬೇಕಾದ ಕೊಬ್ಬಿನ ಆಮ್ಲಗಳೂ ಅದರಲ್ಲಿ ಸಾಲವು. ಬೇಯಿಸಿದ ಮೊಟ್ಟೆ ಒಳ್ಳೆಯದು. ಮೀನು ತಿನ್ನುವ ಮನೆಗಳಲ್ಲಿ, ಮಂಗಳೂರಿನಿಂದ ಶಿರಾಡಿ ಘಟ್ಟ ಹತ್ತಿ ಬರುವ ಬೂತಾಯಿಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ವಾರಕ್ಕೆರಡು ಸಲ ಕೊಡಬಹುದು. ಅದರ ಎಣ್ಣೆಯಲ್ಲಿ ಚರ್ಮದ ಉರಿಯನ್ನು ತಗ್ಗಿಸುವ ಗುಣವಿದೆ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನು ಮಾತ್ರ ಕೊಡಲಾಗದು. ಅವು ನಾಯಿಯ ರಕ್ತವನ್ನು ಕೆಡಿಸುತ್ತವೆ. ಒಡೆದ ಮೂಗಿಗೂ ಅಂಗಾಲಿಗೂ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಷ್ಟು ಸವರಬಹುದು. ಮೈಗೆಲ್ಲ ಸುರಿದರೆ ಧೂಳು ಅಂಟುತ್ತದೆ. ನಾಯಿ ಅದನ್ನು ನೆಕ್ಕಿ ಭೇದಿಗೆ ತುತ್ತಾಗುತ್ತದೆ.

ಇನ್ನು ಎಂದಿಗೂ ಮಾಡಕೂಡದ ಕೆಲಸಗಳು. ಕೆರೆತಕ್ಕೆಂದು ಸೀಮೆಎಣ್ಣೆ, ಫಿನಾಯಿಲು, ಲಾರಿಯ ಸುಟ್ಟ ಎಣ್ಣೆಗಳನ್ನು ಬಳಿಯುವ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ. ಇವು ಚರ್ಮವನ್ನು ಸುಡುತ್ತವೆ. ನೆಕ್ಕಿದಾಗ ಹೊಟ್ಟೆಗೂ ಶ್ವಾಸಕೋಶಕ್ಕೂ ಇಳಿದು ವಿಷವಾಗುತ್ತವೆ. ಇದಕ್ಕಿಂತಲೂ ಭಯಂಕರವಾದುದು ಕಾಫಿಗಿಡದ ಕಾಂಡಕೊರಕಕ್ಕೆಂದು ಉಗ್ರಾಣದಲ್ಲಿಟ್ಟ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹೊಯ್ಯುವುದು. ಜೊಲ್ಲು ಸುರಿದು ಮೈನಡುಗಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಹೊಯ್ದವರಿಗೂ ಅದು ಅಪಾಯವೇ. ಇಂಥ ವಿಷ ಮೈಗೆ ತಗುಲಿದ್ದರೆ, ಕೈಗೆ ರಬ್ಬರು ಕವಚ ಹಾಕಿಕೊಂಡು ಶಾಂಪೂವಿನಿಂದ ಕೂಡಲೇ ತೊಳೆದು, ಡಬ್ಬಿಯ ಸಮೇತ ವೈದ್ಯರಲ್ಲಿಗೆ ಓಡಬೇಕು.

ಎಲ್ಲ ಹೊಟ್ಟೂ ಸ್ನಾನದಿಂದ ಬಂದುದೆಂದು ಹೇಳಲಾಗದು. ಚರ್ಮ ಕೆಂಪಾಗಿ ಜಿನುಗುತ್ತಿದ್ದರೆ, ಕೂದಲು ದುಂಡಗೆ ಉದುರಿದ್ದರೆ, ಕಿವಿಯಂಚಿನಲ್ಲಿಯೂ ಮೊಣಕೈಯಲ್ಲಿಯೂ ಹಕ್ಕಳೆ ಕಟ್ಟಿದ್ದರೆ, ದುರ್ವಾಸನೆಯಿದ್ದರೆ, ಅದು ರೋಗ. ಕಜ್ಜಿಯ ಹುಳುವೂ ಹುಳುಕಡ್ಡಿಯೂ ಮಕ್ಕಳಿಗೆ ಅಂಟುವ ಸಂಭವವುಂಟು. ಹೊಟ್ಟೇ ಚಲಿಸಿದಂತೆ ಕಾಣುವ ಒಂದು ವ್ಯಾಧಿಯೂ ಇದೆ. ಅದೂ ಸಣ್ಣ ಹುಳುಗಳದೇ ಕೆಲಸ. ವಯಸ್ಸಾದ ನಾಯಿ ದಪ್ಪವಾಗುತ್ತ, ಮಂಕಾಗುತ್ತ, ಕೂದಲು ಕಳೆದುಕೊಳ್ಳುತ್ತಿದ್ದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ಇಂಥಲ್ಲಿ ತಾಲ್ಲೂಕಿನ ಪಶುಚಿಕಿತ್ಸಾಲಯಕ್ಕೋ, ಹಾಸನದ ಪಶುವೈದ್ಯಕೀಯ ಕಾಲೇಜಿಗೋ ತೋರಿಸುವುದು ಉತ್ತಮ. ವೈದ್ಯರೇ ವಾರಕ್ಕೊಮ್ಮೆ ಔಷಧದ ಶಾಂಪೂ ಹೇಳಿದರೆ ಹಾಗೆಯೇ ಮಾಡಬೇಕು. ಆ ಸ್ನಾನ ಚಿಕಿತ್ಸೆಯ ಅಂಗ. ಸಾಮಾನ್ಯವಾಗಿ ಹತ್ತು ನಿಮಿಷ ನೊರೆಯನ್ನು ಮೈಮೇಲೆ ಬಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ.

ಗೃಹಿಣಿಯರು ಮುಂದಿನ ಮಳೆಗಾಲಕ್ಕೆ ಮುಂಚೆ ಹಿಂಬಾಗಿಲ ಬಳಿ ಒಂದು ಬಕೆಟ್ಟು, ಒಂದು ಬ್ರಷ್ಷು, ಎರಡು ಹಳೆಯ ಪಂಚೆಗಳನ್ನು ಇಟ್ಟುಕೊಳ್ಳಲಿ. ತೋಟ ಸುತ್ತಿ ಬಂದ ನಾಯಿಯ ಕಾಲನ್ನು ಅಲ್ಲಿಯೇ ತೊಳೆದು ಒರಸಿ ಒಳಗೆ ಬಿಡುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು. ವಾರಕ್ಕೊಮ್ಮೆ ಕೂದಲನ್ನು ಬಿಡಿಸಿ ಚರ್ಮವನ್ನು ನೋಡುವ ಅಭ್ಯಾಸವನ್ನೂ ಅವರಿಗೆ ಕಲಿಸಲಿ. ಸಾಬೂನಿನ ಖರ್ಚೂ ಉಳಿಯುತ್ತದೆ, ನಾಯಿಯ ನಿದ್ರೆಯೂ ಮನೆಯವರ ನಿದ್ರೆಯೂ ಕೆಡುವುದಿಲ್ಲ.